ಬ್ಯಾಟರಿ ಗಟ್ಟಿಯಾದರೆ ಸಾಕೇ?

ಸಹೋದರಿಯರೇ, ನಿಮ್ಮ ಮೊಬೈಲಿನ ಬ್ಯಾಟರಿಯೊಳಗೆ ಏನಿದೆ ಎಂದು ಯೋಚಿಸಿದ್ದೀರಾ? 1991ರಲ್ಲಿ ಸೋನಿ ಕಂಪೆನಿ ಮಾರುಕಟ್ಟೆಗೆ ತಂದ ಲಿಥಿಯಂ ಬ್ಯಾಟರಿಯಲ್ಲಿ ವಿದ್ಯುತ್ ಕಣಗಳು ಒಂದು ದ್ರವದ ಮೂಲಕ ಆಚೀಚೆ ಓಡಾಡುತ್ತವೆ. ಇಂದಿನ ಬಹುತೇಕ ಫೋನು, ಸ್ಕೂಟರುಗಳಲ್ಲೂ ಅದೇ ಕ್ರಮ. ಆ ದ್ರವ ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಮಕ್ಕಳು ದಿಂಬಿನಡಿ ಫೋನ್ ಚಾರ್ಜಿಗಿಟ್ಟು ಮಲಗುತ್ತಿದ್ದರೆ ಇಂದೇ ಬಿಡಿಸಿ.

ದ್ರವದ ಬದಲು ಗಟ್ಟಿ ಪದಾರ್ಥ ಇಟ್ಟರೆ ಅದು ಘನಸ್ಥಿತಿ ಬ್ಯಾಟರಿ. ಇದು ಬರೀ ಪ್ರಯೋಗಶಾಲೆಯ ಕನಸೆಂದು ತಿಳಿಯಬೇಡಿ. ಪ್ಯಾರಿಸ್‌ನಲ್ಲಿ 2011ರಿಂದ 2018ರವರೆಗೆ ಬಾಡಿಗೆಗೆ ಓಡಿದ ಬೊಲೊರೆ ಕಂಪೆನಿಯ ಪುಟ್ಟ ಕಾರುಗಳಲ್ಲಿ ಇಂಥದ್ದೇ ಇತ್ತು: ಲಿಥಿಯಂ ಲೋಹ, ನಡುವೆ ಪ್ಲಾಸ್ಟಿಕ್‌ನಂಥ ತೆಳು ಪದರ. ತಣ್ಣಗಿದ್ದರೆ ಅದು ಕೆಲಸ ಮಾಡದು. ಸ್ನಾನದ ಹಂಡೆಯಂತೆ ಅದನ್ನು ಬಿಸಿಯಾಗಿಯೇ ಇಡಬೇಕು! ಅದೇ ಕಂಪೆನಿಯ ಎರಡು ಬಸ್ಸುಗಳು 2022ರ ಎಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಸುಟ್ಟುಹೋದಾಗ 149 ಬಸ್ಸುಗಳನ್ನು ತಾತ್ಕಾಲಿಕವಾಗಿ ರಸ್ತೆಯಿಂದ ತೆಗೆಯಬೇಕಾಯಿತು.

ದ್ರವ ಹೋದರೂ ಲಿಥಿಯಂ ಉಳಿಯುತ್ತದಲ್ಲ, ಅದೂ ಉರಿಯುವ ಲೋಹವೇ. ಚಾರ್ಜ್ ಮಾಡುವಾಗ ಅದು ಕೂದಲೆಳೆಯಂತೆ ಬೆಳೆದು ನಡುವಿನ ಪದರವನ್ನೇ ಸೀಳುವುದುಂಟು. ಗಟ್ಟಿ ಪಿಂಗಾಣಿಯ ಬಿರುಕಿನಲ್ಲೂ ನುಸುಳುತ್ತದೆ. ತಡವಾಗುತ್ತಿರುವುದಕ್ಕೆ ಇದೂ ಒಂದು ಕಾರಣ. 2020ರ ದಶಕದ ಆರಂಭಕ್ಕೇ ತರುತ್ತೇವೆಂದು 2017ರಲ್ಲಿ ಹೇಳಿದ ಟೊಯೊಟಾ, 2023ರಲ್ಲಿ ಗಡುವನ್ನು 2027-28ಕ್ಕೆ ಒಯ್ದಿತು. ಅದೂ ಕಾರುಗಳಿಗೆ. ಹಾಗಾಗಿ ಮನೆಗೆ ಸ್ಕೂಟರ್ ಬೇಕಿದ್ದರೆ ಈ ಬ್ಯಾಟರಿಗೆಂದು ಕಾಯುತ್ತಾ ಕೂರಬೇಡಿ. ‘ಇದು ಗಟ್ಟಿ ಬ್ಯಾಟರಿ, ಬೆಂಕಿಯ ಭಯವೇ ಇಲ್ಲ’ ಎಂದು ಅಂಗಡಿಯವರು ಹೇಳಿದರೆ, ಪ್ಯಾರಿಸ್‌ನ ಬಸ್ಸುಗಳ ಬಗ್ಗೆ ಒಮ್ಮೆ ಕೇಳಿ ನೋಡಿ.