ಅಳಿಸಿ ಹಾಕಿದ ತೊಂಬತ್ತೆಂಟು

ಕಳೆದ ವಾರದ ಮಾತು. ಎಂಟನೇ ಕ್ಲಾಸಿನ ನನ್ನ ತಮ್ಮನ ಮಗಳು ನಮ್ಮ ಮನೆಯಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದಳು. ಪಾಠದ ಹೆಸರು ಆಧುನಿಕ ವಿಜ್ಞಾನದ ಉದಯ. "ಕೋಪರ್ನಿಕಸ್ 1543, ಕೆಪ್ಲರ್ 1609, ನ್ಯೂಟನ್ 1687..." ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದಳು.

ಪಕ್ಕದಲ್ಲಿ ಅವಳ ಪ್ರಾಕ್ಟಿಕಲ್ ನೋಟ್‌ಬುಕ್ ಇತ್ತು. ಸುಮ್ಮನೆ ತಿರುವಿದೆ. ನೀರು ಕುದಿಯುವ ಉಷ್ಣತೆ 100 ಡಿಗ್ರಿ ಎಂದು ಬರೆದಿತ್ತು. ಅದರ ಅಡಿಯಲ್ಲಿ ರಬ್ಬರಿನಿಂದ ಅಳಿಸಿದ ಗುರುತು. ಬೆಳಕಿಗೆ ಹಿಡಿದು ನೋಡಿದರೆ 98! ಬ್ಯಾಂಕಿನವನ ಕಣ್ಣು ನೋಡಿ, ತಿದ್ದಿದ ಅಂಕಿಯೇ ಮೊದಲು ಕಾಣುತ್ತದೆ.

"ಇದ್ಯಾಕವ್ವಾ ಅಳಿಸಿದಿ?"

"ಥರ್ಮಾಮೀಟರ್‌ನಾಗ ತೊಂಬತ್ತೆಂಟ ಬಂತು ದೊಡ್ಡಪ್ಪಾ. ಪುಸ್ತಕದಾಗ ನೂರು ಅದ. ಎಲ್ಲಾರೂ ನೂರು ಅಂತನ ಬರದ್ರು."

ನಾನು ಓದಿದ್ದು ಬಿಕಾಂ. ಆದರೂ ಇಷ್ಟು ಗೊತ್ತು: ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ. ನಮ್ಮ ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ನೀವೇ ಲೆಕ್ಕ ಹಾಕಿ. ಹುಡುಗಿ ಅಳಿಸಿದ್ದು ಸರಿಯಾದ ಉತ್ತರವನ್ನು!

ಅವಳು ಬಾಯಿಪಾಠ ಮಾಡುತ್ತಿದ್ದ ಪಟ್ಟಿಯಲ್ಲೇ ಇದ್ದ ಕೆಪ್ಲರನ ಕಥೆ ಇದಕ್ಕೆ ತದ್ವಿರುದ್ಧ. ಟೈಕೋ ಬ್ರಾಹೆ ಎಂಬಾತ ದುರ್ಬೀನು ಇಲ್ಲದ ಕಾಲದಲ್ಲಿ, ಬರಿಗಣ್ಣಿನಿಂದಲೇ, 20 ವರ್ಷಕ್ಕೂ ಮೇಲೆ ಗ್ರಹಗಳ ಸ್ಥಾನ ಅಳೆದು ಬರೆದಿಟ್ಟಿದ್ದ. 1601ರಲ್ಲಿ ಅವನು ಪ್ರಾಗ್‌ನಲ್ಲಿ ತೀರಿಕೊಂಡ ಮೇಲೆ ಆ ಬರಹವೆಲ್ಲ ಕೆಪ್ಲರನ ಕೈಗೆ ಬಂತು. ಗ್ರಹಗಳ ಚಲನೆಗೆ ವೃತ್ತವೇ ಆಧಾರ ಎಂಬುದು ಸುಮಾರು ಎರಡು ಸಾವಿರ ವರ್ಷಗಳ ನಂಬಿಕೆ. ಕೆಪ್ಲರನೂ ಅದನ್ನೇ ಹಿಡಿದು ಮಂಗಳನ ಲೆಕ್ಕ ಹಾಕಿದ. ಕೊನೆಗೆ ಉಳಿದ ವ್ಯತ್ಯಾಸ 8 ನಿಮಿಷ, ಅಂದರೆ ಒಂದು ಡಿಗ್ರಿಯ 60ರಲ್ಲಿ 8 ಪಾಲು. ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ, ಅಷ್ಟೇ. ಬೇರೆಯವರಾಗಿದ್ದರೆ "ಇರಲಿ ಬಿಡು" ಎನ್ನುತ್ತಿದ್ದರೋ ಏನೋ. ಕೆಪ್ಲರ್ ಬಿಡಲಿಲ್ಲ. ಟೈಕೋನ ಅಳತೆಯಲ್ಲಿ ಅಷ್ಟು ದೊಡ್ಡ ತಪ್ಪು ಇರಲಾರದು, ನನ್ನ ವೃತ್ತವೇ ತಪ್ಪು ಎಂದುಕೊಂಡ. ಮತ್ತೆ ವರ್ಷಗಟ್ಟಲೆ ಒದ್ದಾಡಿ ಮಂಗಳನ ದಾರಿ ದೀರ್ಘವೃತ್ತ ಎಂದು ಕಂಡುಕೊಂಡ. ಆ 1609 ಇದೇ, ಅದನ್ನು ಹೇಳುವ ಪುಸ್ತಕ ಅಚ್ಚಾದ ವರ್ಷ.

ನನಗೆ ಈ ಕಥೆ ಇಷ್ಟವಾಗುವುದಕ್ಕೆ ಕಾರಣವಿದೆ. ತೊಂಬತ್ತರ ದಶಕದ ಆರಂಭದಲ್ಲಿ ಬ್ಯಾಂಕ್ ಸೇರಿದಾಗ ಲೆಡ್ಜರ್ ಎಲ್ಲ ಕೈಬರಹದ್ದು. ಒಂದು ರಾತ್ರಿ 27 ರೂಪಾಯಿ ಟ್ಯಾಲಿ ಆಗಲಿಲ್ಲ. "ನನ್ನ ಜೇಬಿನಿಂದ ಹಾಕ್ತೀನಿ ಸಾರ್, ಮನೆಗೆ ಹೋಗೋಣ" ಎಂದೆ. ಹಿರಿಯ ಅಧಿಕಾರಿ ಕಣ್ಣು ಕೆಂಪು ಮಾಡಿದರು. "ರೊಕ್ಕ ಹಾಕಿದ್ರ ತಪ್ಪು ಹೋಗ್ತದೇನೋ? 27 ಅಂದ್ರ ಒಂಬತ್ತರಿಂದ ಭಾಗ ಆಗ್ತದ. ಅಂಕಿ ಹಿಂದುಮುಂದಾಗಿರಬಹುದು, ಹುಡುಕು." ಹುಡುಕಿದೆ. ಒಂದು ಕಡೆ 63 ಅನ್ನು 36 ಎಂದು ಬರೆದಿದ್ದೆ!

ನನ್ನ ಅಭಿಪ್ರಾಯ ಇಷ್ಟೇ. ಮಕ್ಕಳಿಗೆ ಹತ್ತು ಹೆಸರು, ಹತ್ತು ಇಸವಿ ಬೇಡ. ಟ್ಯಾಲಿ ಆಗದ ಒಂದೇ ಒಂದು ಲೆಕ್ಕ ಕೊಟ್ಟು, ಅದರ ಹಿಂದೆ ಬಿದ್ದವನ ಕಥೆ ಪೂರ್ತಿ ಹೇಳಿ. ವಿಜ್ಞಾನ ಹೇಗೆ ಹುಟ್ಟಿತು ಎಂಬುದು ತಾನಾಗಿಯೇ ತಿಳಿಯುತ್ತದೆ. ಪೋರ್ಷನ್ ಮುಗಿಸಬೇಕಲ್ಲ ಎಂದು ಶಿಕ್ಷಕರು ಹೇಳುತ್ತಾರೆ. ಅವರ ಕಷ್ಟ ನನಗೂ ಗೊತ್ತು, ಟಾರ್ಗೆಟ್ ನಮಗೂ ಇದೆ. ಆದರೆ ಇತಿಹಾಸದ ಪಿರಿಯಡ್ಡಿನಲ್ಲಿ ಕೆಪ್ಲರನನ್ನು ಹೊಗಳಿ, ಲ್ಯಾಬಿನಲ್ಲಿ ಅವನು ಮಾಡಿದ್ದಕ್ಕೆ ಉಲ್ಟಾ ಮಾಡಿಸಿದರೆ ಪೋರ್ಷನ್ ಮುಗಿದೂ ಏನು ಬಂತು? ಕಂಡದ್ದನ್ನು ಅಳಿಸಿ ಎಲ್ಲರೂ ಬರೆದದ್ದನ್ನು ಬರೆಯುವ ಅಭ್ಯಾಸ ಹದಿಮೂರನೇ ವಯಸ್ಸಿಗೇ ಆದರೆ, ಮುಂದೆ ಅದನ್ನು ಬಿಡಿಸುವವರು ಯಾರು?

ಎಲ್ಲ ಹೇಳಿದೆ. ಹುಡುಗಿ ರಬ್ಬರ್ ತೆಗೆದುಕೊಂಡು 100 ಅಳಿಸಿ, ಮತ್ತೆ 98 ಬರೆದಳು. ಪಕ್ಕದಲ್ಲಿ 'ಪುಣೆ, 560 ಮೀಟರ್' ಎಂದೂ ಬರೆದಳು. ಆಮೇಲೆ ಮೆಲ್ಲಗೆ ಕೇಳಿದಳು, "ಟೀಚರ್ ಮಾರ್ಕ್ಸ್ ಕಟ್ ಮಾಡಿದ್ರ ದೊಡ್ಡಪ್ಪಾ?"

ನನಗೆ ಉತ್ತರ ಹೊಳೆಯಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?