ಮನೆ ಗೆಲ್ಲದ ಗೆಲುವು

‘ಮನೆ ಗೆದ್ದು ಮಾರು ಗೆಲ್ಲು’ ಎಂಬ ನಾಣ್ಣುಡಿಯ ಮರ್ಮವನ್ನು 1969ರ ರಾಷ್ಟ್ರಪತಿ ಚುನಾವಣೆ ಚೆನ್ನಾಗಿ ತಿಳಿಸಿಕೊಟ್ಟಿತು. ಆ ಜುಲೈಯಲ್ಲಿ ಕಾಂಗ್ರೆಸ್ಸಿನ ಮುಖಂಡರು ಬೆಂಗಳೂರಿನಲ್ಲಿ ನೆರೆದಿದ್ದರು. ಜಾಕಿರ್ ಹುಸೇನರ ನಿಧನದಿಂದ ತೆರವಾಗಿದ್ದ ಪದವಿಗೆ ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನರಾಮರನ್ನು ಸೂಚಿಸಿದರು. ಪಕ್ಷದ ಸಂಸದೀಯ ಮಂಡಲಿಯಾದರೋ ಎರಡಕ್ಕೆ ನಾಲ್ಕು ಮತಗಳಿಂದ ಸಂಜೀವ ರೆಡ್ಡಿಯವರನ್ನು ಆರಿಸಿತು. ಗೆಲುವು ಕೈಗೆ ಬಂದಂತೆಯೇ ತೋರಿತು.

ಆದರೆ ರಾಷ್ಟ್ರಪತಿಯನ್ನು ಆರಿಸತಕ್ಕವರು ಮಂಡಲಿಯ ಕೆಲವೇ ಮಂದಿಯಲ್ಲ, ದೇಶದ ಸಂಸದರು ಮತ್ತು ಶಾಸಕರು. ಪಕ್ಷಾಧ್ಯಕ್ಷ ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡದ್ದು ಸ್ವಪಕ್ಷದಲ್ಲಿಯೇ ಸಂಶಯವನ್ನು ಬಿತ್ತಿತು. ಆತ್ಮಸಾಕ್ಷಿಯಂತೆ ಮತ ನೀಡಿರೆಂದು ಪ್ರಧಾನಿಯ ಬಣ ಕರೆಕೊಟ್ಟಿತು. ಆಗಸ್ಟ್ 20ರಂದು ಎಣಿಕೆ ಮುಗಿದಾಗ, ಪಕ್ಷೇತರರಾಗಿ ನಿಂತಿದ್ದ ವಿ. ವಿ. ಗಿರಿಯವರ ಮತಮೌಲ್ಯ 4,20,077, ರೆಡ್ಡಿಯವರದು 4,05,427. ವರ್ಷ ಕಳೆಯುವ ಮೊದಲೇ ಪಕ್ಷವೂ ಇಬ್ಭಾಗವಾಯಿತು.

ಸೋಲಿಗೆ ರೆಡ್ಡಿಯವರ ಯೋಗ್ಯತೆ ಕಾರಣವಲ್ಲ. ನಾಲ್ವರು ಹಿರಿಯರ ಒಪ್ಪಿಗೆಯನ್ನೇ ಇಡೀ ಪಕ್ಷದ ಒಪ್ಪಿಗೆಯೆಂದು ಬಗೆದದ್ದೇ ಕಾರಣ. ಅದೇ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದರು. ಅಭ್ಯರ್ಥಿ ಬದಲಾಗಿರಲಿಲ್ಲ, ಒಪ್ಪಿದವರು ಬದಲಾಗಿದ್ದರು.