ಹೊಸ ಟ್ರ್ಯಾಕ್ಟರಿಗೆ ಹಳೆಯ ಬಿಡಿಭಾಗ

ಆರಿದ್ರಾ ಮಳೆ ಹಿಡಿದ ಮೇಲೆ ಮಲೆನಾಡಿನ ಗದ್ದೆಗೆ ದೊರೆಯುವ ಕಾಲಾವಕಾಶ ಬಹಳ ಕಡಿಮೆ. ಅಗೆ 25-30 ದಿನಕ್ಕೆ ನಾಟಿಗೆ ಬರುತ್ತದೆ. ಅದನ್ನು ಮೀರಿ ಬಲಿತರೆ ತೆಂಡೆ ಒಡೆಯುವುದು ಕಡಿಮೆಯಾಗಿ ಇಳುವರಿ ಕುಗ್ಗುತ್ತದೆ. ಇಂತಹ ಹೊತ್ತಿನಲ್ಲಿ ಕೆಸರು ಹೂಟಿಗಿಳಿದ ಸಣ್ಣ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್‌ನಲ್ಲಿ ಗೇರಿನ ಹಲ್ಲು ಮುರಿಯಿತೆನ್ನಿ. ಕೊಂಡು ನಾಲ್ಕೇ ವರ್ಷವಾಗಿದೆ, ಬ್ಯಾಂಕಿನ ಕಂತು ಮುಗಿದಿಲ್ಲ. ಬಿಡಿಭಾಗವನ್ನು ಕಂಪನಿಯಿಂದ ತರಿಸಬೇಕು, ಹದಿನೈದು ದಿನ ಬೇಕು ಎನ್ನುತ್ತಾರೆ ಪೇಟೆಯ ಷೋರೂಮಿನವರು. ಬೆಲೆ ಕೇಳಿದ ರೈತ ಗುಜರಿಯ ದಾರಿ ಹಿಡಿಯುತ್ತಾನೆ. ಗುಜರಿಯಲ್ಲಿಯೂ ಅದು ಇಲ್ಲ.

ವಿಚಿತ್ರವೆಂದರೆ, ಅದೇ ಊರಿನಲ್ಲಿ ಅಪ್ಪನ ಕಾಲದ ಟ್ರ್ಯಾಕ್ಟರು ಓಡುತ್ತಲೇ ಇರುತ್ತದೆ. ಎಚ್‌ಎಂಟಿಯನ್ನೇ ನೋಡಬಹುದು. ಝೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನದಿಂದ 1971ರಲ್ಲಿ ಪಿಂಜೋರಿನಲ್ಲಿ ಆರಂಭವಾದ ಈ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ತಯಾರಕನೇ ಕಣ್ಮುಚ್ಚಿದರೂ ಯಂತ್ರ ಬದುಕಿದೆ. ಏಕೆಂದರೆ ದಶಕಗಳ ಕಾಲ ಅದರ ವಿನ್ಯಾಸ ಹೆಚ್ಚೇನೂ ಬದಲಾಗಲಿಲ್ಲ. ಪಂಜಾಬಿನ ಸಣ್ಣ ಕಾರ್ಖಾನೆಗಳು ಅದರ ಬಿಡಿಭಾಗಗಳನ್ನು ಎರಕ ಹೊಯ್ದು ಮಾರಿದವು. ಗುಜರಿಗೆ ಬಂದ ಹಳೆಯ ಗಾಡಿಗಳು ಉಳಿದುದನ್ನು ಒದಗಿಸಿದವು.

ಬಳಸಿದ ಬಿಡಿಭಾಗವು ಸತ್ತ ಯಂತ್ರದಿಂದ ಮಾತ್ರ ಬರುತ್ತದೆ. ಹೊಸ ಮಾದರಿಯಲ್ಲಿ ಸತ್ತವುಗಳೇ ವಿರಳ. ಅಪಘಾತದಲ್ಲಿ ಉರುಳಿದ್ದು, ಬೆಂಕಿಗೆ ಸಿಕ್ಕಿದ್ದು, ಅಷ್ಟೇ. ಸಾಲದ್ದಕ್ಕೆ, ಹೊರಗೆ ಒಂದೇ ಹೆಸರು ಹೊತ್ತ ಮಾದರಿಯೊಳಗೂ ಎರಡು ವರ್ಷಕ್ಕೊಮ್ಮೆ ಪಂಪು, ಸೀಲು, ಗೇರುಗಳು ಬದಲಾಗಬಹುದು. ಆದ್ದರಿಂದ ಮಾದರಿಯ ಹೆಸರನ್ನಷ್ಟೇ ನಂಬಿ ಹೊರಡುವವರು ಬರಿಗೈಯಲ್ಲಿ ಮರಳುತ್ತಾರೆ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ತಯಾರಾದ ತಿಂಗಳು, ಮುರಿದ ಭಾಗದ ಮೇಲೆ ಅಚ್ಚಾಗಿರುವ ಸಂಖ್ಯೆ, ಗೇರಾದರೆ ಹಲ್ಲುಗಳ ಎಣಿಕೆ: ಇವಿಷ್ಟನ್ನೂ ಬರೆದುಕೊಂಡು, ಮುರಿದ ತುಂಡನ್ನೂ ಕೈಯಲ್ಲಿ ಹಿಡಿದು ಹೋಗಬೇಕು.

ಎಲ್ಲಿಗೆ ಹೋಗಬೇಕೆಂಬುದೂ ಯೋಚಿಸತಕ್ಕ ವಿಷಯ. ಗದ್ದೆಯ ಕೆಸರಿನಲ್ಲಿ ಓಡಿದ ನಾಲ್ಕು ಚಕ್ರ ಎಳೆತದ ಟ್ರ್ಯಾಕ್ಟರಿನಲ್ಲಿ ಮೊದಲು ಸೋಲುವುದು ಮುಂದಿನ ಆಕ್ಸಲಿನ ಸೀಲು. ಸೀಲು ಸವೆದರೆ ನೀರು ಒಳಹೊಕ್ಕು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ, ಬಳಿಕ ಗೇರಿನ ಸರದಿ. ಹೀಗಾಗಿ ನೆರೆಯ ತಾಲ್ಲೂಕಿನ ಗುಜರಿಯಲ್ಲಿ ಸಿಗುವ ಆಕ್ಸಲು ಅದೇ ರೋಗದಿಂದ ಸತ್ತದ್ದೇ ಆಗಿರುವ ಸಂಭವ ಹೆಚ್ಚು. ವಿಜಯಪುರ, ನಾಸಿಕ್ ಭಾಗದ ದ್ರಾಕ್ಷಿ ತೋಟಗಳಲ್ಲಿಯೂ ಇಂತಹ ಸಣ್ಣ ಟ್ರ್ಯಾಕ್ಟರುಗಳೇ ದುಡಿಯುತ್ತವೆ, ಒಣ ನೆಲದಲ್ಲಿ. ಔಷಧಿ ಸಿಂಪಡಿಸಿ ಅವುಗಳ ತಗಡು ತಿಂದುಹೋಗಿರಬಹುದು. ಮುಂದಿನ ಆಕ್ಸಲು ಮಲೆನಾಡಿನದಕ್ಕಿಂತ ಚೆನ್ನಾಗಿರುವ ಸಾಧ್ಯತೆಯಿದೆ.

ಆಕ್ಸಲಿನ ಕವಚ, ಹಬ್, ಹಿಂದಿನ ಲಿಂಕುಗಳು, ಸ್ಟಾರ್ಟರ್, ಡೈನಮೊ ಮುಂತಾದವನ್ನು ಪರೀಕ್ಷಿಸಿ ಹಳೆಯದನ್ನೇ ಕೊಳ್ಳಬಹುದು. ಕ್ರೌನ್ ಮತ್ತು ಪಿನಿಯನ್‌ಗಳನ್ನು ಜೋಡಿಯಾಗಿಯೇ ಕೊಳ್ಳಬೇಕು. ಒಂದನ್ನು ಮಾತ್ರ ಬದಲಿಸಿದರೆ ಎರಡೂ ಹಾಳು. ಬ್ರೇಕು, ಸ್ಟಿಯರಿಂಗಿನ ಕೀಲು, ಸೀಲು, ಬೇರಿಂಗು, ಹೈಡ್ರಾಲಿಕ್ ಪೈಪು ಇವುಗಳಲ್ಲಿ ಉಳಿತಾಯದ ಮಾತು ಬೇಡ. ಘಟ್ಟದ ಇಳಿಜಾರಿನಲ್ಲಿ ಲೋಡು ಸಹಿತ ಇಳಿಯುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರಸೀದಿಯಿಲ್ಲದೆ ಅತಿ ಅಗ್ಗಕ್ಕೆ ದೊರೆಯುವ ಹೊಸ ಗಾಡಿಯ ಭಾಗ ಕಳ್ಳತನದ್ದಾಗಿರಬಹುದೆಂಬ ಎಚ್ಚರವೂ ಇರಲಿ.

ಕಬ್ಬಿಣದ ಭಾಗಗಳ ಕಥೆ ಇಷ್ಟಾದರೆ, ಇನ್ನು ಮುಂದಿನದು ಬೇರೆಯೇ. 2023ರ ಜನವರಿಯಿಂದ ಸುಮಾರು 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಜಾರಿಗೆ ಬಂದಿತು. ಹೊಗೆ ತಗ್ಗಬೇಕೆಂಬುದರಲ್ಲಿ ಪರಿಸರವಾದಿಗಳಿಗೆ ತಕರಾರಿಲ್ಲ. ಆದರೆ ಆ ನಿಯಮದೊಂದಿಗೆ ಕಾಮನ್ ರೈಲ್ ಎಂಜಿನ್ನು ಹಾಗೂ ಅದನ್ನು ಆಳುವ ವಿದ್ಯುನ್ಮಾನ ಪೆಟ್ಟಿಗೆ ಬಂದಿವೆ. ಇಂತಹ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಇಂಜೆಕ್ಟರಿಗೂ ತನ್ನದೇ ಸಂಕೇತ ಸಂಖ್ಯೆಯಿದ್ದು, ಬದಲಿಸಿದಾಗ ಅದನ್ನು ಆ ಪೆಟ್ಟಿಗೆಗೆ ಊಡಬೇಕಾಗುತ್ತದೆ. ಊಡುವ ಉಪಕರಣ, ತಂತ್ರಾಂಶಗಳ ಬೀಗ ಕಂಪನಿಯ ಕೈಯಲ್ಲಿದ್ದರೆ, ಗುಜರಿಯಲ್ಲಿ ಒಳ್ಳೆಯ ಭಾಗ ದೊರೆತರೂ ಊರಿನ ಮೆಕ್ಯಾನಿಕ್ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹೊಗೆ ತಗ್ಗಿಸಲು ಬಂದ ಯಂತ್ರವು ದುರಸ್ತಿಯಾಗದೆ ಅಕಾಲದಲ್ಲಿ ಗುಜರಿ ಸೇರಿದರೆ, ಅದರ ಉಕ್ಕನ್ನು ಮತ್ತೆ ಕರಗಿಸುವ ಕುಲುಮೆಯ ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಅಮೆರಿಕದ ರೈತರು ಈ ಬೀಗದ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊಲೊರಾಡೊ ರಾಜ್ಯವು 2023ರಲ್ಲಿ ಕೃಷಿ ಯಂತ್ರಗಳ ದುರಸ್ತಿ ಹಕ್ಕಿನ ಕಾಯ್ದೆ ಮಾಡಿತು. 2024ರ ಜನವರಿಯಿಂದ ಅಲ್ಲಿ ಬಿಡಿಭಾಗ, ಕೈಪಿಡಿ, ತಂತ್ರಾಂಶಗಳನ್ನು ರೈತರಿಗೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೂ ಒದಗಿಸುವುದು ತಯಾರಕರ ಹೊಣೆಯಾಯಿತು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಸಮಿತಿ ರಚಿಸಿದಾಗ, ಆಯ್ದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದಾಗಿತ್ತು. 2025ರ ಮೇ ತಿಂಗಳಲ್ಲಿ ದುರಸ್ತಿ ಸೂಚ್ಯಂಕದ ವರದಿ ಸಲ್ಲಿಕೆಯಾಯಿತು, ಮೊಬೈಲು ಮತ್ತು ವಿದ್ಯುನ್ಮಾನ ವಸ್ತುಗಳಿಗಾಗಿ. ಟ್ರ್ಯಾಕ್ಟರು ಸಾಲಿನಲ್ಲಿ ಹಿಂದೆ ನಿಂತಿತು.

ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಅಶ್ವಶಕ್ತಿ, ಇಂಧನ ಬಳಕೆ ಮುಂತಾದವನ್ನು ವರದಿ ಮಾಡುತ್ತದೆ. ಬಿಡಿಭಾಗಗಳನ್ನು ಎಷ್ಟು ವರ್ಷ ಒದಗಿಸಲಾಗುವುದು, ದುರಸ್ತಿಯ ತಂತ್ರಾಂಶ ಹೊರಗಿನವರಿಗೆ ದೊರೆಯುವುದೇ ಎಂಬ ಎರಡು ಅಂಕಣಗಳನ್ನು ಆ ವರದಿಗೆ ಸೇರಿಸಿ, ಸಹಾಯಧನಕ್ಕೆ ಅದನ್ನೇ ಷರತ್ತು ಮಾಡಬೇಕೆಂದು ರೈತ ಸಂಘಟನೆಗಳು ಒತ್ತಾಯಿಸಬೇಕು. ಅದು ಆಗುವವರೆಗೆ ಊರಿನ ಸಹಕಾರ ಸಂಘಗಳು ಒಂದು ಕೆಲಸವನ್ನಂತೂ ಮಾಡಬಹುದು: ಹೋಬಳಿಯಲ್ಲಿ ಯಾವ ಮಾದರಿಯ ಎಷ್ಟು ಟ್ರ್ಯಾಕ್ಟರುಗಳಿವೆ, ಯಾವುದು ನಿಂತಿದೆ, ಅದರಲ್ಲಿ ಯಾವ ಭಾಗ ಇನ್ನೂ ಚೆನ್ನಾಗಿದೆ ಎಂಬುದರ ಪುಸ್ತಕ ಇಡುವುದು. ಬೇಸಿಗೆ ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳು ಒಂದು ವಾರ ಮನೆಮನೆ ತಿರುಗಿದರೆ ಅದು ಸಿದ್ಧವಾಗುತ್ತದೆ, ಮೃಗಶಿರಾ ಮಳೆಗೆ ಮುಂಚೆಯೇ.